ಪ್ರೇಕ್ಷಕಧರ್ಮ

ನಾವು ಮೂವತ್ತಮೂರು ವರ್ಷಕಾಲ ಹುಡುಗರಿಗೆ ಶಬ್ದಮಂಜರಿಯನ್ನೂ ರಘುವಂಶವನ್ನೂ ಪಾಠ ಹೇಳಿ ನಿವೃತ್ತರಾದವರು. ಆಟಪಾಟಗಳಲ್ಲಿ ನಮ್ಮ ಪಾಂಡಿತ್ಯವು ಬಹು ಸ್ವಲ್ಪ. ಶಾಲೆಯ ಮೈದಾನದಲ್ಲಿ ಹುಡುಗರು ಕಬಡ್ಡಿಯಾಡುವಾಗ ಮರದ ನೆರಳಿನಲ್ಲಿ ನಿಂತು, ಜಗಳ ಬಂದರೆ ಬಿಡಿಸುವುದಷ್ಟೇ ನಮ್ಮ ಪಾಲಿಗೆ ಬಂದ ಕ್ರೀಡಾಸೇವೆ. ಅಂತಹ ನಾವು ಅಮೆರಿಕಾ ದೇಶದ ಬೇಸ್‌ಬಾಲ್ ಆಟವನ್ನು ಕುರಿತು, ಅದರಲ್ಲಿಯೂ ಆ ಆಟವನ್ನು ನೋಡುವವರ ನಾಲಗೆಯನ್ನು ಕುರಿತು ಬರೆಯಹೊರಟಿರುವುದನ್ನು ಕಂಡು ವಾಚಕರು ನಗಬಹುದು. ನಗಲಿ. ನಗೆಯ ವಿಷಯವಾಗಿಯೇ ನಾವು ಹೇಳಬೇಕಾದುದು ಸ್ವಲ್ಪವಿದೆ.

ನಮ್ಮ ಮಗಳೂ ಅಳಿಯನೂ ಉತ್ತರ ಕೆರೊಲೈನಾ ಸಂಸ್ಥಾನದಲ್ಲಿ ಸಂಸಾರ ಹೂಡಿದ್ದಾರೆ. 2025ನೆಯ ಇಸವಿಯ ಬೇಸಗೆಯನ್ನು ನಾವು ದಂಪತಿಗಳು ಅವರ ಮನೆಯಲ್ಲಿ ಕಳೆದೆವು. ಮೊಮ್ಮಗನಿಗೆ ಆಗ ಹತ್ತು ವರ್ಷ. ಅವನಿಗೆ ಬೇಸ್‌ಬಾಲಿನ ಹುಚ್ಚು. "ತಾತ, ನೀವು ಒಂದು ಆಟ ನೋಡಲೇಬೇಕು" ಎಂದು ಹಟ ಹಿಡಿದುದರಿಂದ ಅಳಿಯನು ನಮ್ಮನ್ನೆಲ್ಲ ಮೊದಲು ಡರ್ಹಮ್ ಪಟ್ಟಣಕ್ಕೆ ಕರೆದುಕೊಂಡು ಹೋದನು. ಅಲ್ಲಿಯ ಡರ್ಹಮ್ ಬುಲ್ಸ್ ಎಂಬ ತಂಡವು 1902ರಲ್ಲಿ ಹುಟ್ಟಿದ್ದು. 1988ರಲ್ಲಿ ಬಂದ ಒಂದು ಚಲಚ್ಚಿತ್ರದಿಂದ ಲೋಕಪ್ರಸಿದ್ಧವಾದದ್ದು. ಮೈದಾನದ ಎತ್ತರದ ಗೋಡೆಯ ಮೇಲೆ ಒಂದು ದೊಡ್ಡ ಗೂಳಿಯ ಚಿತ್ರವುಂಟು. ಚೆಂಡನ್ನು ಹೊಡೆದು ಗೂಳಿಗೆ ತಾಗಿಸಿದ ಆಟಗಾರನಿಗೆ ಮಾಂಸದೂಟವೆಂದೂ, ಅದರ ಕಾಲಡಿಯ ಹುಲ್ಲಿಗೆ ತಾಗಿಸಿದವನಿಗೆ ಹಸಿಯ ತರಕಾರಿಯ ಕೋಸಂಬರಿಯೆಂದೂ ಅಲ್ಲಿ ಬರೆದಿದೆ. "ನಾನಾದರೆ ಹುಲ್ಲಿಗೇ ಗುರಿಯಿಡುತ್ತಿದ್ದೆ" ಎಂದಳು ನಮ್ಮ ಮನೆಯಾಕೆ. ಅಂದಿನ ಸಂಜೆ ಸಂತೋಷವಾಗಿ ಕಳೆಯಿತು. ಸಹಸ್ರಾರು ಜನರ ಕೂಗು ಒಂದರೊಳಗೊಂದು ಬೆರೆತು ಹೊಳೆಯ ಮೊರೆತದಂತೆ ಕೇಳಿಸುತ್ತಿತ್ತು. ಯಾರು ಏನೆಂದರೆಂಬುದು ತಿಳಿಯುತ್ತಿರಲಿಲ್ಲ.

ನಮ್ಮ ಕಥೆ ನಡೆದುದು ಅಲ್ಲಿಯಲ್ಲ. ಮೂರು ವಾರಗಳ ತರುವಾಯ ಇನ್ನೂ ಚಿಕ್ಕದೊಂದು ಪಟ್ಟಣದ ಮೈದಾನದಲ್ಲಿ ನಡೆಯಿತು. ಅದನ್ನು ಹೇಳುವ ಮೊದಲು ಈ ಚಿಕ್ಕ ಮೈದಾನಗಳ ವ್ಯವಸ್ಥೆಯನ್ನು ಎರಡು ಮಾತಿನಲ್ಲಿ ತಿಳಿಸಬೇಕು.

ಮೇಜರ್ ಲೀಗ್ ಎಂಬುದು ಆ ದೇಶದ ಮೂವತ್ತು ಮಹಾತಂಡಗಳ ಕೂಟ. ಒಂದೊಂದು ಮಹಾತಂಡದ ಕೆಳಗೂ ಮೆಟ್ಟಿಲು ಮೆಟ್ಟಿಲಾಗಿ ನಾಲ್ಕು ಕಿರಿಯ ತಂಡಗಳಿವೆ. 2021ರಲ್ಲಿ ಈ ಏರ್ಪಾಡು ನಿಗದಿಯಾದಂದಿನಿಂದ ಇಂತಹ ತಂಡಗಳು ಒಟ್ಟು 120. ಇದೇ ಮೈನರ್ ಲೀಗ್. ಇಲ್ಲಿ ಆಡುವವರಲ್ಲಿ ಹೆಚ್ಚಿನವರು ಹದಿನೆಂಟರಿಂದ ಇಪ್ಪತ್ತೈದರ ಒಳಗಿನ ತರುಣರು. ಡೊಮಿನಿಕನ್ ಗಣರಾಜ್ಯ, ವೆನೆಜುವೆಲಾ ಮೊದಲಾದ ದೇಶಗಳಿಂದ, ಇಂಗ್ಲಿಷ್ ಭಾಷೆಯನ್ನೂ ಸರಿಯಾಗಿ ಅರಿಯದೆ, ತಾಯಿತಂದೆಗಳನ್ನು ಬಿಟ್ಟು ಬಂದವರು ಅವರಲ್ಲಿ ಬಹಳ ಮಂದಿ. ಊರಿಂದೂರಿಗೆ ರಾತ್ರಿಯೆಲ್ಲ ಬಸ್ಸಿನ ಪ್ರಯಾಣ. ಸಂಬಳವೆಂಬುದು 2022ರವರೆಗೆ ಕೆಳಗಿನ ಮೆಟ್ಟಿಲಿನಲ್ಲಿ ವರ್ಷಕ್ಕೆ ಸುಮಾರು 11,000 ಡಾಲರು ಮಾತ್ರವೇ ಇದ್ದು, ಆಟಗಾರರು ಸಂಘ ಕಟ್ಟಿಕೊಂಡ ಮೇಲೆ 2023ರ ಒಪ್ಪಂದದಿಂದ 26,200ಕ್ಕೆ ಏರಿತು. ಆ ದೇಶದ ಬೆಲೆಗಳನ್ನು ಬಲ್ಲವರಿಗೆ ಇದೂ ದೊಡ್ಡ ಮೊತ್ತವಲ್ಲ. ಇವರಲ್ಲಿ ಬಹುಪಾಲು ಜನರು ಮೇಜರ್ ಲೀಗಿನ ಹೊಸ್ತಿಲನ್ನು ಎಂದೂ ತುಳಿಯುವುದಿಲ್ಲ. ಒಟ್ಟಿನಲ್ಲಿ ಮೈನರ್ ಲೀಗ್ ಎಂಬುದು ನಾಟಕಶಾಲೆಗಿಂತ ಹೆಚ್ಚಾಗಿ ಪಾಠಶಾಲೆ. ಅಲ್ಲಿ ನಾವು ದುಡ್ಡು ಕೊಟ್ಟು ನೋಡುವುದು ವಿದ್ಯಾರ್ಥಿಗಳ ಅಭ್ಯಾಸವನ್ನು.

ಆ ಚಿಕ್ಕ ಮೈದಾನದಲ್ಲಿ ಅಂದು ಸಾವಿರ ಜನರೂ ಇರಲಿಲ್ಲವೆಂದು ತೋರುತ್ತದೆ. ನಾವು ಕುಳಿತ ಸ್ಥಳದಿಂದ ಚೆಂಡೆಸೆಯುವ ಹುಡುಗನ ಹಣೆಯ ಬೆವರು ಕಾಣಿಸುತ್ತಿತ್ತು. ಮೊಮ್ಮಗನು ನಮಗೆ ಸಂಪ್ರದಾಯಗಳನ್ನು ಉಪದೇಶಿಸುತ್ತಿದ್ದನು. ರಾಷ್ಟ್ರಗೀತೆಯಾಗುವಾಗ ಟೋಪಿಯನ್ನು ತೆಗೆಯಬೇಕು. ದಾಂಡಿಗನು ಹೊಡೆಯಲು ನಿಂತಿರುವಾಗ ಎದ್ದು ಓಡಾಡಿ ಹಿಂದಿನವರ ನೋಟಕ್ಕೆ ಅಡ್ಡವಾಗಬಾರದು. ಚೆಂಡು ಜನರ ನಡುವೆ ಬಂದು ಬಿದ್ದರೆ ದೊಡ್ಡವರು ಅದನ್ನು ಹತ್ತಿರದ ಮಗುವಿಗೆ ಕೊಡುವುದು ಲೇಸು. ಏಳನೆಯ ಸರದಿಯ ನಡುವೆ ಎಲ್ಲರೂ ಎದ್ದು ನಿಂತು, 1908ರಷ್ಟು ಹಳೆಯದಾದ ಒಂದು ಹಾಡನ್ನು ಹಾಡಬೇಕು. ಇವೆಲ್ಲ ನಮಗೆ ಹಿಡಿಸಿದವು. "ಕೂಗಬಹುದೇ?" ಎಂದು ಕೇಳಿದೆವು. "ಕೂಗಲೇಬೇಕು ತಾತ, ಅದಕ್ಕೇ ಬರೋದು!" ಎಂದನು.

ಆಟದ ಮರ್ಮವನ್ನು ಅರಿಯದವರಿಗಾಗಿ ಇಷ್ಟು ಹೇಳುತ್ತೇವೆ. ಚೆಂಡೆಸೆಯುವವನು ಅರುವತ್ತು ಅಡಿಗಳಾಚೆಯಿಂದ ಎಸೆಯುತ್ತಾನೆ. ನೆಲದಲ್ಲಿ ಹುದುಗಿಸಿರುವ ಒಂದು ಬಿಳಿಯ ತಟ್ಟೆಯ ಮೇಲೆ, ದಾಂಡಿಗನ ಮೊಣಕಾಲಿಗೂ ಎದೆಗೂ ನಡುವೆ ಚೆಂಡು ಹಾದುಹೋಗಬೇಕು. ನಾಲ್ಕು ಸಲ ಗುರಿ ತಪ್ಪಿತೆಂದರೆ ದಾಂಡಿಗನು ಹೊಡೆಯದೆಯೇ ಮೊದಲನೆಯ ನೆಲೆಗೆ ನಡೆದುಹೋಗುತ್ತಾನೆ. ಅಂದು ಆ ಹುಡುಗನ ಕೈ ಹಿಡಿತಕ್ಕೆ ಬರಲಿಲ್ಲ. ಒಬ್ಬನು ನಡೆದುಹೋದನು, ಇನ್ನೊಬ್ಬನು ನಡೆದುಹೋದನು, ಮೂರನೆಯವನೂ ಹೋದನು.

ನಮಗಿಂತ ನಾಲ್ಕು ಸಾಲು ಮುಂದೆ ಭಾರಿ ಕಂಠದ ಒಬ್ಬ ಮನುಷ್ಯನು ಕುಳಿತಿದ್ದನು. ಅವನು ಎದ್ದು, "ಅಯ್ಯಾ, ತಟ್ಟೆಯನ್ನು ಯಾರೂ ಕದ್ದಿಲ್ಲ, ಇದ್ದಲ್ಲಿಯೇ ಇದೆ!" ಎಂದು ಕೂಗಿದನು. ಜನರು ನಕ್ಕರು. ಅಳಿಯನು ಅರ್ಥ ಹೇಳಲು ನಾವೂ ಗಟ್ಟಿಯಾಗಿ ನಕ್ಕೆವು. ಮಾತಿನ ಚಮತ್ಕಾರವೆಂದರೆ ನಮಗೆ ಮೊದಲಿನಿಂದಲೂ ಪ್ರೀತಿ. ಅವನು ಅಂಪೈರನಿಗೆ ಕನ್ನಡಕದಂಗಡಿಯ ವಿಳಾಸವನ್ನು ಹೇಳಿದನು, ಅದಕ್ಕೂ ನಕ್ಕೆವು. ನಾವು ನಗುವುದನ್ನು ಕಂಡು ಮೊಮ್ಮಗನೂ ನಕ್ಕನು. ಬಳಿಕ ಆ ಮನುಷ್ಯನು ಕೈಯಲ್ಲಿದ್ದ ಫೋನಿನಲ್ಲಿ ಹುಡುಗನ ಹೆಸರನ್ನು ಹುಡುಕಿ, ಅವನ ಊರು, ವಯಸ್ಸು, ಹಿಂದೆ ಅವನನ್ನು ಬಿಟ್ಟುಕೊಟ್ಟ ತಂಡ ಎಲ್ಲವನ್ನೂ ಓದಿ ಹೇಳತೊಡಗಿದನು. "ಊರಿಗೆ ಹಿಂದಿರುಗು, ದಾರಿಯ ಖರ್ಚು ನಾನು ಕೊಡುತ್ತೇನೆ!" ಎಂದನು. ಅನಂತರ ಹುಡುಗನ ತಾಯಿಯನ್ನು ಕುರಿತು ಒಂದು ಮಾತನ್ನಾಡಿದನು. ಅದನ್ನು ಅಳಿಯನು ನಮಗೆ ಅನುವಾದಿಸಲಿಲ್ಲ. ಸುತ್ತಲಿನವರ ನಗೆ ಒಮ್ಮೆಗೇ ನಿಂತಿತು. ಆ ನಿಶ್ಶಬ್ದದಲ್ಲಿ ಒಂದು ಎಳೆಯ ಕಂಠವು ಇಂಗ್ಲಿಷಿನಲ್ಲಿ, "ಊರಿಗೆ ಹೋಗು!" ಎಂದು ಕೂಗಿತು. ಅದು ನಮ್ಮ ಮೊಮ್ಮಗನದು.

ಚೆಂಡೆಸೆಯುವ ಹುಡುಗನು ತಿರುಗಿ ನಮ್ಮ ಕಡೆಗೆ ನೋಡಿದನು. ಅರೆಗಳಿಗೆ ಮಾತ್ರ.

ಗದರಿಸಲೆಂದು ನಾವು ಬಾಯಿ ತೆರೆದೆವು, ಮಾತು ಹೊರಡಲಿಲ್ಲ. ಅವನಿಗೆ ನಗುವುದನ್ನು ಕಲಿಸಿದವರು ನಾವೇ ಅಲ್ಲವೇ? ಆಗ ನಮ್ಮ ಮುಂದಿನ ಸಾಲಿನಲ್ಲಿದ್ದ ವೃದ್ಧೆಯೊಬ್ಬಳು ಎದ್ದಳು. ಎಪ್ಪತ್ತು ದಾಟಿದವಳು, ಮಡಿಲಲ್ಲಿ ಆಟದ ಲೆಕ್ಕ ಬರೆಯುವ ಪುಸ್ತಕವಿತ್ತು. ಮೆಲ್ಲನೆ ಇಳಿದುಹೋಗಿ ಆ ಮನುಷ್ಯನ ಪಕ್ಕದಲ್ಲಿ ಕುಳಿತು, ಎರಡು ನಿಮಿಷ ಏನೋ ಹೇಳಿ ಬಂದಳು. ಅವನು ಮೊದಲು ನಕ್ಕನು, ಆಮೇಲೆ ಸುಮ್ಮನಾದನು. ಹಿಂದಿರುಗುವಾಗ ಅವಳು ನಮ್ಮ ಹುಡುಗನ ಕಡೆ ನೋಡಿ ಹೇಳಿದ ಮಾತನ್ನು ನಾವು ಮರೆಯುವಂತಿಲ್ಲ. ಮೈನರ್ ಲೀಗಿನ ಹುಡುಗರಿಗೆ ಬಾಡಿಗೆ ಕೊಡುವ ಶಕ್ತಿಯಿಲ್ಲದಿದ್ದ ಕಾಲದಲ್ಲಿ ಊರಿನ ಗೃಹಸ್ಥರು ಅವರನ್ನು ಮನೆಯಲ್ಲಿ ಇರಿಸಿಕೊಳ್ಳುವ ಪದ್ಧತಿಯಿತ್ತು. 2022ರಿಂದ ತಂಡಗಳವರೇ ವಸತಿಯನ್ನು ಕೊಡಬೇಕೆಂಬ ನಿಯಮವಾದ ಮೇಲೆ ಅದು ಬಹುಮಟ್ಟಿಗೆ ನಿಂತುಹೋಯಿತು. ಈ ಮುದುಕಿಯು ಅನೇಕ ಬೇಸಗೆಗಳಲ್ಲಿ ಅಂತಹ ಹುಡುಗರಿಗೆ ಅಡಿಗೆ ಮಾಡಿ ಬಡಿಸಿದವಳು. "ಚೆನ್ನಾಗಿ ಆಡದ ದಿನ ಅವರು ಊಟ ಮಾಡುತ್ತಿರಲಿಲ್ಲ ಕಂದ. ಇಲ್ಲಿ ಕೂಗಿದ್ದೆಲ್ಲ ಅವರಿಗೆ ಕೇಳಿಸುತ್ತದೆ. ಅವರು ನನಗೆ ಹೇಳಿದ್ದಾರೆ" ಎಂದಳು. ಮೊಮ್ಮಗನು ಆಟ ಮುಗಿಯುವ ಪರ್ಯಂತ ತಲೆ ಎತ್ತಲಿಲ್ಲ.

ಮುಗಿದ ಮೇಲೆ ಆಟಗಾರರು ಬೇಲಿಯ ಬಳಿ ನಿಂತು ಮಕ್ಕಳಿಗೆ ಸಹಿ ಹಾಕಿಕೊಡುವುದು ಅಲ್ಲಿಯ ರೂಢಿ. ಆ ಹುಡುಗನೂ ಬಂದನು. ಮೊಮ್ಮಗನು ಹಿಂಜರಿಯುತ್ತ ತನ್ನ ಚೆಂಡನ್ನು ನೀಡಿದನು. ಅವನು ಹೆಸರು ಕೇಳಿ ಬರೆದುಕೊಟ್ಟನು, ಕಾಗುಣಿತ ತಪ್ಪಿತ್ತು. ಶಾಲೆಯಲ್ಲಿ ತನ್ನ ಕನ್ನಡದ ಹೆಸರನ್ನು ಯಾರು ತಪ್ಪಾಗಿ ಬರೆದರೂ ತಿದ್ದದೆ ಬಿಡದ ನಮ್ಮ ಪೋರನು ಅಂದು ತಿದ್ದಲಿಲ್ಲ. ಕ್ಷಮೆ ಕೇಳಬೇಕೆಂದು ಕಾರಿನಿಂದ ಇಳಿಯುವಾಗ ಹೇಳಿದನು. ಅಷ್ಟರಲ್ಲಿ ನಾವು ಮನೆಗೆ ಬಂದಿದ್ದೆವು.

ಆಟಗಾರರನ್ನು ಹೀಗೆ ಕೂಗಿ ಕೆಣಕುವುದನ್ನು ಆ ದೇಶದವರು ಹೆಕ್ಲಿಂಗ್ ಎನ್ನುತ್ತಾರೆ; ನಮ್ಮಲ್ಲಿ ಅದಕ್ಕೆ ಮೂದಲಿಕೆಯೆಂಬ ಹಳೆಯ ಮಾತುಂಟು. ಮುಂದಿನ ದಿನಗಳಲ್ಲಿ ಊರಿನ ಪುಸ್ತಕಾಲಯದಲ್ಲಿ ಕುಳಿತು ಇದರ ಚರಿತ್ರೆಯನ್ನು ಸ್ವಲ್ಪ ಓದಿದೆವು. ಮೂದಲಿಕೆಯು ಆ ಆಟದಷ್ಟೇ ಹಳೆಯದೆನ್ನಬಹುದು. ಎಲ್ಲವೂ ಕೆಟ್ಟದ್ದಲ್ಲ. ಬ್ರೂಕ್ಲಿನ್ನಿನ ಎಬೆಟ್ಸ್ ಫೀಲ್ಡ್ ಮೈದಾನದಲ್ಲಿ 1930 ಮತ್ತು 40ರ ದಶಕಗಳಲ್ಲಿ ಹಿಲ್ಡಾ ಚೆಸ್ಟರ್ ಎಂಬ ಹೆಂಗಸು ಮೊದಲು ಬಾಣಲೆಯನ್ನು ಸೌಟಿನಿಂದ ಬಡಿದು, ಆಮೇಲೆ ಹಸುವಿನ ಕೊರಳ ಗಂಟೆಯನ್ನು ಬಾರಿಸಿ ಗದ್ದಲವೆಬ್ಬಿಸುತ್ತಿದ್ದಳು. ಅವಳಿಲ್ಲದ ದಿನ ಮೈದಾನವೇ ಸಪ್ಪೆಯೆನಿಸುವಷ್ಟು ಜನರಿಗೆ ಬೇಕಾದವಳಾಗಿದ್ದಳು. ಇದು ಒಂದು ತುದಿ. ಇನ್ನೊಂದು ತುದಿಯಲ್ಲಿ, 1912ನೆಯ ಮೇ 15ರಂದು ನ್ಯೂಯಾರ್ಕಿನಲ್ಲಿ ಟೈ ಕಾಬ್ ಎಂಬ ಹೆಸರಾಂತ ಆಟಗಾರನು ಮೂದಲಿಕೆಯನ್ನು ತಾಳಲಾರದೆ ಪ್ರೇಕ್ಷಕರ ನಡುವೆ ನುಗ್ಗಿ ಒಬ್ಬನನ್ನು ಹೊಡೆದನು. ಪೆಟ್ಟು ತಿಂದವನು ಅಪಘಾತದಲ್ಲಿ ಕೈ ಕಳೆದುಕೊಂಡಿದ್ದವನು. ಕಾಬನನ್ನು ಆಟದಿಂದ ಹೊರಗಿಡಲು, ಅವನ ಸಂಗಡಿಗರು ಮುಷ್ಕರ ಹೂಡಿದರು. ಮೂರು ದಿನಗಳ ಮೇಲೆ ದಾರಿಹೋಕರಂತಹ ಆಟಗಾರರನ್ನು ಕೂಡಿಸಿಕೊಂಡು ಆಡಿದ ಅವರ ತಂಡವು 24–2ರಲ್ಲಿ ಸೋತಿತು. ಬೈದವನ ನಾಲಗೆಯೂ ಹೊಡೆದವನ ಕೈಯೂ ಕೂಡಿ ಆಟವನ್ನೇ ಹಾಳುಮಾಡಿದವು.

ಮೈನರ್ ಲೀಗಿನ ಚರಿತ್ರೆಯಲ್ಲಿ ಇದಕ್ಕಿಂತ ದೊಡ್ಡ ಸಂಗತಿಯೊಂದಿದೆ. ಕರಿಯರಿಗೆ ದೊಡ್ಡ ತಂಡಗಳಲ್ಲಿ ಪ್ರವೇಶವಿಲ್ಲದಿದ್ದ ಕಾಲದಲ್ಲಿ ಜಾಕಿ ರಾಬಿನ್ಸನ್ ಎಂಬ ಮಹಾನುಭಾವನು 1946ರಲ್ಲಿ ಮಾಂಟ್ರಿಯಲ್ ರಾಯಲ್ಸ್ ಎಂಬ ಮೈನರ್ ಲೀಗ್ ತಂಡಕ್ಕೆ ಸೇರಿದನು. ಸಿರಕ್ಯೂಸ್ ತಂಡದವರೊಡನೆ ಆಡುವಾಗ ಎದುರಾಳಿಯೊಬ್ಬನು ಕರಿಯ ಬೆಕ್ಕೊಂದನ್ನು ಮೈದಾನಕ್ಕೆ ಬಿಟ್ಟು, ಇಗೋ ನಿನ್ನ ನಂಟನೆಂದು ಕೂಗಿದನಂತೆ. ಆ ವರ್ಷದ ಕೊನೆಯ ಪಂದ್ಯಾವಳಿಯಲ್ಲಿ ಲೂಯಿವಿಲ್ ಪಟ್ಟಣದ ಪ್ರೇಕ್ಷಕರು ಅವನನ್ನು ಹೆಜ್ಜೆಹೆಜ್ಜೆಗೂ ಹೀಯಾಳಿಸಿದರು. ಆಟವು ಮಾಂಟ್ರಿಯಲ್ಲಿಗೆ ಬಂದಾಗ ಆ ಊರಿನ ಜನರು ಸೇಡು ತೀರಿಸುವಂತೆ ಲೂಯಿವಿಲ್ಲಿನ ಆಟಗಾರರನ್ನು ಕೂಗಿ ಕಂಗೆಡಿಸಿದರು. ತಮ್ಮವರು ಗೆದ್ದೊಡನೆ ರಾಬಿನ್ಸನ್ನನನ್ನು ಹೆಗಲ ಮೇಲೆ ಹೊತ್ತು ಮೆರೆಸಿ, ಅವನು ಬೀದಿಯಲ್ಲಿ ಓಡಿದರೆ ಪ್ರೀತಿಯಿಂದ ಬೆನ್ನಟ್ಟಿದರು. ಒಂದೇ ಗುಂಪಿನ ಬಾಯಲ್ಲಿ ಹೀಯಾಳಿಕೆಯೂ ಜಯಕಾರವೂ ಎಷ್ಟು ಹತ್ತಿರ ಹತ್ತಿರ ವಾಸಮಾಡುತ್ತವೆ!

ಇದೆಲ್ಲ ಹಳೆಯ ಕಾಲದ ಒರಟುತನವೆನ್ನೋಣವೇ? ನಾವು ಆ ಚಿಕ್ಕ ಮೈದಾನಕ್ಕೆ ಹೋಗುವುದಕ್ಕೆ ಕೆಲವೇ ವಾರಗಳ ಹಿಂದೆ, 2025ರ ಜೂನ್ 24ರಂದು, ಷಿಕಾಗೋ ನಗರದಲ್ಲಿ ಕೆಟೆಲ್ ಮಾರ್ಟೆ ಎಂಬ ಮೇಜರ್ ಲೀಗ್ ಆಟಗಾರನು ಮೈದಾನದ ಮೇಲೆ ಕಣ್ಣೀರಿಟ್ಟಿದ್ದನು. ಅವನ ತಾಯಿ 2017ರಲ್ಲಿ ಸ್ವದೇಶದ ರಸ್ತೆಯ ಅಪಘಾತದಲ್ಲಿ ತೀರಿಕೊಂಡವಳು. ಇಪ್ಪತ್ತೆರಡು ವರ್ಷದ ಒಬ್ಬ ಪ್ರೇಕ್ಷಕನು ಅವಳನ್ನು ಎತ್ತಿ ಮೂದಲಿಸಿದ್ದನು. ತಂಡದ ಮ್ಯಾನೇಜರನು ಬಂದು ಮಾರ್ಟೆಯ ಹೆಗಲ ಮೇಲೆ ಕೈಹಾಕಿ ಸಂತೈಸಿದನು. ಆ ಪ್ರೇಕ್ಷಕನಿಗೆ ಮೇಜರ್ ಲೀಗಿನ ಯಾವ ಮೈದಾನಕ್ಕೂ ಕಾಲಿಡಕೂಡದೆಂದು ಅವಧಿಯಿಲ್ಲದ ಬಹಿಷ್ಕಾರವಾಯಿತು. ದಂಡನೆಯು ಯುಕ್ತವೇ. ಆದರೆ ಅವನ ಸುತ್ತಲೂ ಎಷ್ಟು ಜನರು ಮೊದಲಿನ ಮಾತುಗಳಿಗೆ ನಕ್ಕಿದ್ದರೋ ಎಂದು ನಮ್ಮ ಮನಸ್ಸು ಕೇಳಿತು. ನಮ್ಮ ಅನುಭವವು ಹಾಗೆ ಕೇಳಿಸಿತು.

ನಮ್ಮ ಹಿರಿಯರು ಇದನ್ನೆಲ್ಲ ಕಾಣದವರಲ್ಲ. ಭರತಮುನಿಯು ನಾಟ್ಯಶಾಸ್ತ್ರದಲ್ಲಿ ನಟನ ಸಿದ್ಧಿಯನ್ನು ಹೇಳುವಾಗ ಪ್ರೇಕ್ಷಕನ ಯೋಗ್ಯತೆಯನ್ನೂ ಹೇಳುತ್ತಾನೆ. ಪಾತ್ರದ ಸಂತೋಷದಲ್ಲಿ ಸಂತೋಷಿಸಿ ಶೋಕದಲ್ಲಿ ಶೋಕಿಸುವವನು ಅವನ ಮತದಲ್ಲಿ ನಿಜವಾದ ಪ್ರೇಕ್ಷಕ. ಸಗಣಿ, ಮಣ್ಣುಹೆಂಟೆ, ಇರುವೆಗಳನ್ನು ಎಸೆದು ಪ್ರಯೋಗವನ್ನು ಕೆಡಿಸುವವರನ್ನೂ ಅವನು ಬಿಡದೆ ಹೆಸರಿಸಿದ್ದಾನೆ. ಅವರಿಂದಾಗುವುದು ಶತ್ರುಕೃತವಾದ ಘಾತವೆನ್ನುತ್ತಾನೆ. ಮಹಾಭಾರತದಲ್ಲಿ ಶಲ್ಯನು ಕರ್ಣನ ಸಾರಥಿಯಾಗಿ ರಥವನ್ನು ನಡಸುತ್ತಲೇ ಮೂದಲಿಸಿ ಮೂದಲಿಸಿ ಅವನ ಧೈರ್ಯವನ್ನು ಕುಂದಿಸುತ್ತಾನೆ. ಆ ಕಾರ್ಯಕ್ಕೆ ತೇಜೋವಧೆಯೆಂದು ಹೆಸರು. ವಧೆಯೆಂಬ ಪದವನ್ನು ವಾಚಕರು ಗಮನಿಸಬೇಕು. ಬಾಣ ತಾಗುವುದಕ್ಕೆ ಮೊದಲೇ ಮಾತು ಕೊಂದಿರುತ್ತದೆ. ಇದಕ್ಕಿಂತಲೂ ಯೋಚಿಸತಕ್ಕ ಸಂಗತಿಯೆಂದರೆ, ಅದನ್ನು ಮಾಡೆಂದು ಶಲ್ಯನನ್ನು ಕೇಳಿಕೊಂಡವನು ಧರ್ಮರಾಯ. ಒಳ್ಳೆಯವರೂ ತಮ್ಮ ಪಕ್ಷ ಗೆಲ್ಲಬೇಕೆಂದಾಗ ಈ ಕೆಲಸವನ್ನು ಬೇರೊಬ್ಬನಿಂದ ಮಾಡಿಸಿ, ತಾವು ದೂರ ನಿಂತು ಫಲವನ್ನು ಉಣ್ಣುತ್ತಾರೆ. ಮೈದಾನದಲ್ಲಿ ಕೂಗುವವನು ಒಬ್ಬ. ನಗುವವರು ನೂರು ಜನ.

ಹೀಗೆ ಗ್ರಂಥಗಳನ್ನು ನೆನೆಯುತ್ತಿದ್ದಾಗಲೇ ಗ್ರಂಥವಲ್ಲದ ಒಂದು ನೆನಪು ಬಂದು ನಮ್ಮನ್ನು ಹಿಡಿಯಿತು. ಇಪ್ಪತ್ತೆಂಟು ವರ್ಷಗಳ ಹಿಂದೆ ನಮ್ಮ ಒಂಬತ್ತನೆಯ ತರಗತಿಯಲ್ಲಿ ಮಾತು ತೊದಲುವ ಒಬ್ಬ ಹುಡುಗನಿದ್ದನು. ರಾಮಶಬ್ದವನ್ನು ಒಪ್ಪಿಸಲು ಎದ್ದು ನಿಂತವನು ಮೊದಲ ಅಕ್ಷರದಲ್ಲಿಯೇ ಸಿಕ್ಕಿಕೊಂಡನು. ನಾವು ಬೆತ್ತವನ್ನು ಮುಟ್ಟುವವರಲ್ಲವೆಂದು ನಮಗೆ ಹೆಮ್ಮೆ. ಬೆತ್ತದ ಬದಲು ಒಂದು ಮಾತನ್ನು ಬೀಸಿದೆವು: "ಏನಯ್ಯಾ, ನಿನ್ನ ರಾಮ ಸೇತುವೆ ದಾಟುವ ಹೊತ್ತಿಗೆ ರಾವಣ ಮುದುಕನಾಗಿಬಿಡುತ್ತಾನಲ್ಲ!" ತರಗತಿಯು ಕೊಳ್ಳೆಂದು ನಕ್ಕಿತು. ಆ ನಗೆ ನಮಗೆ ಹಿತವಾಗಿತ್ತು. ಸುಳ್ಳು ಹೇಳಿ ಪ್ರಯೋಜನವಿಲ್ಲ. ಹುಡುಗನು ವರ್ಷದ ಉಳಿದ ದಿನಗಳಲ್ಲಿ ನಮ್ಮ ತರಗತಿಯಲ್ಲಿ ಬಾಯಿ ತೆರೆಯಲಿಲ್ಲ. ಮರುವರ್ಷ ಶಾಲೆ ಬಿಟ್ಟನು. ಬಡತನವೂ ಕಾರಣವಾಗಿದ್ದಿರಬಹುದು. ಅದೊಂದೇ ಕಾರಣವೆಂದು ನಾವು ಬಹುಕಾಲ ನಮಗೆ ನಾವೇ ಹೇಳಿಕೊಂಡಿದ್ದೆವು.

ಮೂದಲಿಕೆಯನ್ನು ಬೇಸ್‌ಬಾಲಿನಿಂದ ಕಿತ್ತೊಗೆಯಬೇಕೆಂದು ನಾವು ಹೇಳುವುದಿಲ್ಲ. ಆ ಆಟವು ದೇವಾಲಯದ ಮೌನವನ್ನು ಬಯಸುವುದಿಲ್ಲ. ತಟ್ಟೆಯನ್ನು ಯಾರೂ ಕದ್ದಿಲ್ಲವೆಂಬ ಮಾತಿಗೆ ಆ ಹುಡುಗನೂ ನಕ್ಕಿದ್ದರೆ ಆಶ್ಚರ್ಯವಿಲ್ಲ. ಎಸೆತವನ್ನು ಹಾಸ್ಯಮಾಡಬಹುದು, ಎಸೆದವನ ಹುಟ್ಟನ್ನು ಮಾಡಬಾರದು. ಮುಂದಿನ ಎಸೆತದಲ್ಲಿ ತಿದ್ದಿಕೊಳ್ಳಬಹುದಾದುದನ್ನು ಎತ್ತಿ ಆಡಬಹುದು. ತಾಯಿ, ದೇಶ, ಬಣ್ಣ, ದೇಹ, ತೊದಲು ಇವನ್ನು ಯಾವ ಎಸೆತವೂ ತಿದ್ದಲಾರದು. ಆ ಆಟದಲ್ಲಿ ಹತ್ತಕ್ಕೆ ಮೂರು ಸಲ ಹೊಡೆಯಬಲ್ಲವನನ್ನು ಉತ್ತಮ ದಾಂಡಿಗನೆನ್ನುತ್ತಾರೆ; ಏಳು ಸಲ ಸೋಲುವುದು ಉತ್ತಮನ ಪಾಡೇ ಆಗಿರುವಾಗ, ಕಲಿಯುತ್ತಿರುವ ಹತ್ತೊಂಬತ್ತರ ಹುಡುಗನು ಸೋಲುವುದರಲ್ಲಿ ಅಪರಾಧವೇನಿದೆ? ಮೈದಾನವು ಎಷ್ಟು ಚಿಕ್ಕದೋ ಆಟಗಾರನ ಕಿವಿ ಅಷ್ಟು ಹತ್ತಿರ. ನಲವತ್ತು ಸಾವಿರ ಜನರ ನಡುವೆ ಕರಗಿಹೋಗುವ ಮಾತು ಸಾವಿರ ಜನರಲ್ಲಿ ನೇರವಾಗಿ ಹೋಗಿ ನಾಟುತ್ತದೆ. ಈ ಲೆಕ್ಕದಲ್ಲಿ ನಲವತ್ತು ಹುಡುಗರ ತರಗತಿಯೂ, ನಾಲ್ಕು ಜನರು ಉಣ್ಣುವ ಅಡಿಗೆಮನೆಯೂ ಇನ್ನೂ ಚಿಕ್ಕ ಮೈದಾನಗಳೇ. ಮನೆಯೊಳಗೆ ನಾವು ಆಡುವ ಚಮತ್ಕಾರದ ಮಾತುಗಳನ್ನು ಗೃಹಸ್ಥರಾದ ವಾಚಕರು ಒಮ್ಮೆ ಎಣಿಸಿ ನೋಡಲಿ.

ಊರಿಗೆ ಬಂದ ಮೇಲೆ ಒಂದು ಸಂಜೆ ಆ ಶಿಷ್ಯನ ದಿನಸಿ ಅಂಗಡಿಗೆ ಹೋದೆವು. ಅವನು ಎಂದಿನಂತೆ ಎದ್ದು ನಿಂತು ಕುರ್ಚಿ ಹಾಕಿದನು. ಅಂಗಡಿಯಲ್ಲಿ ಜನವಿಲ್ಲದ ಹೊತ್ತನ್ನು ನೋಡಿ, ಬಹಳ ಹಿಂದೆ ತರಗತಿಯಲ್ಲಿ ಅವನಿಗೆ ಒಂದು ಮಾತು ಹೇಳಿದ್ದೆವೆಂದೂ, ಅದು ತಪ್ಪಾಗಿತ್ತೆಂದೂ ಹೇಳಿದೆವು. ಯಾವ ಮಾತೆಂಬುದನ್ನು ಬಾಯಿಬಿಟ್ಟು ಹೇಳಲು ನಮಗೆ ಧೈರ್ಯವಾಗಲಿಲ್ಲ. ಅವನು ಬೆಲ್ಲದ ಪೊಟ್ಟಣವನ್ನು ಕಟ್ಟುತ್ತಿದ್ದವನು ತಲೆ ಎತ್ತಿ ನಕ್ಕನು.

"ಸೇ... ಸೇತುವೆ ಮಾತಲ್ವಾ, ಮೇಷ್ಟ್ರೇ? ಅದನ್ನ ನಾನು ಆವತ್ತೇ ಮರೆತುಬಿಟ್ಟೆ" ಎಂದನು.